ಬೇಲಿ ಹಾಕುವ ಮೊದಲು ಗ್ರಾಮನಕ್ಷೆ ನೋಡಿ

ಮಾಗಡಿ ಕಡೆ ಹೊಸದಾಗಿ ಜಮೀನು ಕೊಂಡ ನಮ್ಮ ಬಡಾವಣೆಯ ಹಿರಿಯರೊಬ್ಬರು ಮೊನ್ನೆ ‘ಹಳ್ಳಿಯವರ ಕಾಟ ತಡೆಯಲಾಗುತ್ತಿಲ್ಲ’ ಎಂದು ಗೋಳಾಡಿದರು. ಅಪ್ಪನ ಕಾಲದಿಂದ ನಮ್ಮ ತೋಟವೂ ಅದೇ ದಿಕ್ಕಿನಲ್ಲಿದೆ. ಅಲ್ಲಿ ನುಗ್ಗಿ ಹಾಳುಗೆಡವುವವರು ಹೆಚ್ಚಾಗಿ ಭಾನುವಾರ ಬೆಂಗಳೂರಿನಿಂದ ಕಾರು ಹತ್ತಿ ಬರುವ ನಮ್ಮವರೇ. ಎಳನೀರು ಕಿತ್ತರೆ ಹೋಗಲಿ ಎನ್ನಬಹುದು. ಬಂಡೆಗೆ ಬಡಿದ ಬಿಯರ್ ಬಾಟಲಿಯ ಚೂರು ಕಳೆ ಕೀಳುವ ಹೆಂಗಸರ ಕಾಲಿಗೆ ಹೊಕ್ಕರೆ? ಬೇಸಿಗೆಯಲ್ಲಿ ಒಣಹುಲ್ಲಿಗೆ ಎಸೆದ ಸಿಗರೇಟು ಸಾಕು, ಡ್ರಿಪ್ ಪೈಪು ಸಾಲಾಗಿ ಕರಗುತ್ತದೆ. ಬೋರ್‌ವೆಲ್ ಕೇಬಲ್ ಕತ್ತರಿಸುವವರ ಜಾತಿಯೇ ಬೇರೆ. ಅವರಿಗೆ ತಾಮ್ರವೊಂದೇ ಬೇಕು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವುದು ಸಲೀಸಾಯಿತು. ಕೊಂಡ ಕೂಡಲೇ ಚೈನ್‌ಲಿಂಕ್ ಬೇಲಿ, ಗೇಟು, ‘ಪ್ರವೇಶವಿಲ್ಲ’ ಫಲಕ. ಜಮೀನಿನ ಗಡಿ ಗುರುತಿಸುವ ಹದ್ದುಬಸ್ತು ಅಳತೆಗೆ ಅರ್ಜಿ ಹಾಕಿರುವುದಿಲ್ಲ, ಗ್ರಾಮನಕ್ಷೆಯನ್ನು ಕಣ್ಣೆತ್ತಿ ನೋಡಿರುವುದಿಲ್ಲ. ಅದರಲ್ಲಿ ಬಂಡಿದಾರಿ ಇದ್ದರೆ ಅದನ್ನು ಮುಚ್ಚಿದವರೇ ಅತಿಕ್ರಮಣಕಾರರು, ದನ ಹೊಡೆದುಕೊಂಡು ಬಂದವರಲ್ಲ! ನಾವು ದಾರಿ ಬಿಟ್ಟಿದ್ದೇವೆ. ಆ ದಾರಿಯಲ್ಲಿ ಓಡಾಡುವ ಪಕ್ಕದ ಜಮೀನಿನ ಯಜಮಾನರು ಅಪರಿಚಿತ ಕಾರು ನಿಂತಿದ್ದರೆ ನನಗೆ ಫೋನ್ ಮಾಡುತ್ತಾರೆ, ಅದಕ್ಕೂ ಮೊದಲು ತಾವೇ ಹೋಗಿ ‘ಯಾರಪ್ಪಾ ನೀವು?’ ಎಂದು ಕೇಳುತ್ತಾರೆ. ಕ್ಯಾಮೆರಾ ಹಾಗೆ ಕೇಳುವುದಿಲ್ಲ. ಮಿಕ್ಕ ಅಂಚಿಗೆ ಕತ್ತಾಳೆ ನೆಟ್ಟಿದ್ದೇವೆ. ಬೆಳೆಯಲು ವರ್ಷಗಳು ಬೇಕು, ಬೆಳೆದ ಮೇಲೆ ಕುಡುಕರು ದಾಟುವುದಿಲ್ಲ.

ಕಾನೂನಿನ ಮೇಲೆ ಅತಿಯಾದ ಭರವಸೆ ಬೇಡ. ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ ಹಳೆಯ ದಂಡಸಂಹಿತೆಯ 447ನೇ ಕಲಮಿನಲ್ಲಿ ಗರಿಷ್ಠ ದಂಡ 500 ರೂಪಾಯಿ ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅದನ್ನು 5,000ಕ್ಕೆ ಏರಿಸಿದೆ; ಸೆರೆವಾಸ ಮಾತ್ರ ಹಿಂದಿನಂತೆ ಗರಿಷ್ಠ ಮೂರು ತಿಂಗಳು. ಅದಕ್ಕೂ ಬಂದವರ ದುರುದ್ದೇಶ ಸಾಬೀತಾಗಬೇಕು. ಹಾನಿಯ ಫೋಟೊ, ಕಾರಿನ ನಂಬರು, ಅಳತೆಯ ನಕ್ಷೆ ಕೈಯಲ್ಲಿದ್ದರೆ ಠಾಣೆಯಲ್ಲಿ ಮಾತಿಗೆ ತೂಕ ಬರುತ್ತದೆ.

ಕೆಲವರು ಪಂಪ್‌ಸೆಟ್ ಲೈನಿನಿಂದಲೇ ತಂತಿಬೇಲಿಗೆ ಕರೆಂಟು ಕೊಡುತ್ತಾರೆ. ಬ್ಯಾಟರಿಯ ಸೌರಬೇಲಿ ಕ್ಷಣಮಾತ್ರ ಜುಮ್ಮೆನಿಸಿ ಬಿಡುತ್ತದೆ. ಪಂಪ್‌ಸೆಟ್ ಲೈನಿನ ಕರೆಂಟು ಹಾಗಲ್ಲ; ಆನೆಯನ್ನೂ ಕೊಲ್ಲುತ್ತದೆ, ದಾರಿ ತಪ್ಪಿ ಬಂದ ಮಗುವನ್ನೂ ಕೊಲ್ಲುತ್ತದೆ. ‘ನನ್ನ ಜಮೀನು, ನನ್ನಿಷ್ಟ’ ಎಂದು ಇದನ್ನು ಸಮರ್ಥಿಸುವವರು ದಯವಿಟ್ಟು ನನ್ನ ಸ್ನೇಹಿತರ ಪಟ್ಟಿಯಿಂದ ಹೊರಗೆ ಹೋಗಿ.