ಒಂದೂ ಸೋಲದ ತಂಡಕ್ಕೆ ಬೌಲ್ ಪಂದ್ಯ ಯಾಕೆ ಸಿಗಲಿಲ್ಲ?

1951ರ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ಖುಷಿಯಾಯ್ತು. ಆದರೆ ‘ಬೌಲ್ ಪಂದ್ಯಕ್ಕೆ (ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಕರೆದು ಆಡಿಸುವ ವಿಶೇಷ ಪಂದ್ಯ) ಅವಕಾಶ ಸಿಗಲಿಲ್ಲ’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಜವಾದ ಕಥೆ ಇರೋದೇ ಅಲ್ಲಿ ಅಲ್ವಾ?

ಆಡಿದ 9 ಪಂದ್ಯಗಳನ್ನೂ ಗೆದ್ದ ತಂಡ ಅದು. ಆಲಿ ಮ್ಯಾಟ್ಸನ್ ಒಬ್ಬರೇ ಆ ವರ್ಷ ಚೆಂಡು ಹಿಡಿದು 1,566 ಗಜ ಓಡಿದ್ದರು. ಇಡೀ ದೇಶದಲ್ಲೇ ಅದು ಎಲ್ಲರಿಗಿಂತ ಜಾಸ್ತಿ. ಆದರೆ ಆಗ ವರ್ಣಭೇದವಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಬೌಲ್ ಪಂದ್ಯಕ್ಕೆ ಹೋಗಬೇಕಾದರೆ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್, ಈ ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಬರಬೇಕಿತ್ತು. ಹುಡುಗರು ಒಕ್ಕೊರಲಿನಿಂದ ಆಗಲ್ಲ ಅಂದರು. ಕಾಲೇಜಿನ ಕೈಯಲ್ಲಿ ಕಾಸಿರಲಿಲ್ಲ, ಬೌಲ್ ಹಣ ಬಂದಿದ್ದರೆ ಆಸರೆಯಾಗುತ್ತಿತ್ತು. ಆ ಸೀಸನ್ ಮುಗಿದ ಮೇಲೆ ತಂಡವನ್ನೇ ಮುಚ್ಚಿದರು. ಇಪ್ಪತ್ತರ ಆಸುಪಾಸಿನ ಹುಡುಗರು ಇಷ್ಟು ಗಟ್ಟಿಯಾಗಿ ನಿಂತರು ಅನ್ನೋದು ನನಗೆ ಆ 9 ಗೆಲುವಿಗಿಂತ ದೊಡ್ಡದು.

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಓಡಿ ಎರಡು ಪದಕ ಗೆದ್ದರು. ಟೋಲರ್‌ಗೆ ಮೊಣಕಾಲು ಪೆಟ್ಟಾಗಿ ಆಟ ನಿಂತುಹೋಯಿತು. ಆದರೂ 1965ರಲ್ಲಿ ಎನ್‌ಎಫ್‌ಎಲ್‌ನ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಮೊದಲ ಕಪ್ಪು ಅಂಪೈರಿಂಗ್ ಅಧಿಕಾರಿಯಾದರು. ದಯವಿಟ್ಟು ಟೋಲರ್ ಬಗ್ಗೆಯೇ ಒಂದು ಪ್ರತ್ಯೇಕ ಲೇಖನ ಬರೆಯಿರಿ.