ಎರಡು ಖಾಲಿ ದಿನ

ಫ್ರಾನ್ಸಿನ ತೂಲೂಸ್ ನಗರದಲ್ಲಿ ನೆಲೆಸಿ ಹನ್ನೊಂದು ವರ್ಷವಾದರೂ ರಜೆ ಸಿಕ್ಕಾಗ ನಾನು ಬಂದು ಸೇರುವುದು ಸೋಮವಾರಪೇಟೆಯ ಆಚೆಗಿರುವ ನಮ್ಮ ತೋಟದ ಮನೆಯನ್ನೇ. ಈ ಸಲ ಜುಲೈ ಕೊನೆಯಲ್ಲಿ ಬಂದಿದ್ದೇನೆ. ಹೊರಗೆ ಮಳೆ ಬಿಡದೆ ಹೊಯ್ಯುತ್ತಿದೆ, ಕರೆಂಟು ಹೋಗಿ ಎರಡು ದಿನವಾಗಿದೆ, ಜಗಲಿಯಲ್ಲಿ ಕುಳಿತು ನಾವೆಲ್ಲ ಸೇರಿ ಅಕ್ಟೋಬರ್ ತಿಂಗಳ ಪ್ರವಾಸವೊಂದರ ಲೆಕ್ಕಾಚಾರ ನಡೆಸಿದ್ದೇವೆ. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ನನ್ನ ಹೆಂಡತಿ ಮತ್ತು ನಾನು, ಹೀಗೆ ಆರು ಜನ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಹೋಗುವುದೆಂದು ಮಾತಾಗಿದೆ. ಮಾರಿಷಸ್ಸಿನಿಂದ ಒಂದು ಗಂಟೆಯೂ ಹಿಡಿಯದ ವಿಮಾನ ಪ್ರಯಾಣದಷ್ಟು ದೂರದಲ್ಲಿರುವ ಈ ದ್ವೀಪ ಆಡಳಿತದ ದೃಷ್ಟಿಯಿಂದ ಫ್ರಾನ್ಸಿನದೇ ಒಂದು ಜಿಲ್ಲೆ. ಸುಮಾರು 2,500 ಚದರ ಕಿಲೋಮೀಟರ್ ವಿಸ್ತಾರದ ಈ ನೆಲವೆಲ್ಲ ಸಮುದ್ರದ ತಳದಿಂದ ಎದ್ದುಬಂದ ಜ್ವಾಲಾಮುಖಿಯ ಮೈ. ನಮ್ಮ ಕೊಡಗು 4,100 ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿದೆ ಎಂದರೆ ಅದರ ಅಳತೆ ತಿಳಿಯುತ್ತದೆ.

ಅಣ್ಣ ಮೊದಲ ದಿನವೇ ಒಂದು ಹಾಳೆಯ ಮೇಲೆ ಗೆರೆ ಎಳೆದು ಆರು ದಿನಗಳ ಪಟ್ಟಿ ಮಾಡಿಟ್ಟ. ಮೊದಲ ದಿನ ಜ್ವಾಲಾಮುಖಿ, ಎರಡನೆಯ ದಿನ ಸಿಲಾವೋಸ್ ಕಣಿವೆ, ಮೂರನೆಯ ದಿನ ಜಲಪಾತಗಳು, ನಾಲ್ಕನೆಯ ದಿನ ಕಡಲತೀರ, ಹೀಗೆ ಒಂದು ಗಂಟೆಯೂ ವ್ಯರ್ಥವಾಗದಂತೆ ತುಂಬಿದ ಪಟ್ಟಿ ಅದು. ಅವನನ್ನು ದೂರುವಂತಿಲ್ಲ, ಏಕೆಂದರೆ ನಮ್ಮ ಕೊಡಗಿಗೆ ಬರುವವರೆಲ್ಲ ಹಾಗೆಯೇ ಬರುತ್ತಾರೆ. ಬೆಳಿಗ್ಗೆ ಬೈಲುಕುಪ್ಪೆ, ಅಲ್ಲಿಂದ ನಿಸರ್ಗಧಾಮ, ದುಬಾರೆ, ಮಧ್ಯಾಹ್ನ ಅಬ್ಬಿ ಜಲಪಾತ, ಸೂರ್ಯ ಮುಳುಗುವ ಹೊತ್ತಿಗೆ ರಾಜಾಸೀಟು. ನೋಡಬೇಕಾದ ಜಾಗಗಳನ್ನು ಎಣಿಸಿ ದಿನಗಳಿಗೆ ಹಂಚುವುದೇ ಪ್ರವಾಸದ ಯೋಜನೆ ಎಂದು ನಾವು ತಿಳಿದಿದ್ದೇವೆ. ನಾನೂ ಹಾಗೆಯೇ ತಿಳಿದಿದ್ದೆ. ಆ ದ್ವೀಪಕ್ಕೆ ನಾಲ್ಕು ವರ್ಷಗಳ ಹಿಂದೆ ಒಮ್ಮೆ ಹೋಗಿ ಬಂದಮೇಲೆ ಆ ತಿಳಿವಳಿಕೆ ಬದಲಾಯಿತು, ಮತ್ತು ಅಣ್ಣನ ಪಟ್ಟಿಯಲ್ಲಿ ಎರಡು ದಿನ ಏನನ್ನೂ ಬರೆಯದೆ ಖಾಲಿ ಬಿಡಬೇಕೆಂದು ನಾನು ಹಟ ಹಿಡಿದಿರುವುದು ಆ ಕಾರಣಕ್ಕೆ.

ದ್ವೀಪದ ಆಗ್ನೇಯ ಭಾಗದಲ್ಲಿರುವ ಪಿತೋಂ ದ ಲಾ ಫೂರ್ನೆಸ್ ಎಂಬ ಬೆಟ್ಟ 2,632 ಮೀಟರ್ ಎತ್ತರದ್ದು. ಹೆಸರಿನಲ್ಲೇ ಕುಲುಮೆಯಿದೆ. ಜಗತ್ತಿನ ಅತ್ಯಂತ ಚಟುವಟಿಕೆಯ ಜ್ವಾಲಾಮುಖಿಗಳಲ್ಲಿ ಒಂದಾದ ಇದು ಹೆಚ್ಚಿನ ವರ್ಷಗಳಲ್ಲಿ ಒಂದಲ್ಲ ಒಂದು ಸಲ ಬಾಯಿ ತೆರೆಯುತ್ತದೆ. ಇದರ ಲಾವಾ ತೆಳುವಾದ್ದರಿಂದ ಸಿಡಿದು ಊರು ಸುಡುವುದಕ್ಕಿಂತ ಬಿರುಕಿನಿಂದ ಉಕ್ಕಿ ಇಳಿಜಾರಿನಲ್ಲಿ ಹರಿಯುವುದೇ ಹೆಚ್ಚು, ಮತ್ತು ಸಾಮಾನ್ಯವಾಗಿ ಆ ಹರಿವು ಆಂಕ್ಲೋ ಫೂಕೆ ಎಂಬ, ಮನೆಮಠಗಳಿಲ್ಲದ, ಕುದುರೆಲಾಳದಂತಹ ಬೃಹತ್ ಕುಳಿಯೊಳಗೇ ಉಳಿಯುತ್ತದೆ. ಆ ಕುಳಿಯ ಅಂಚಿಗೆ, ಪಾ ದ ಬೆಲ್‌ಕೋಂಬ್ ಎಂಬ ಸ್ಥಳದವರೆಗೆ, ಕಾರು ಹೋಗುತ್ತದೆ. ಅಲ್ಲಿಂದ ಕೆಳಗಿಳಿಯುವ ಮೆಟ್ಟಿಲುಗಳ ಬಳಿ ಒಂದು ಗೇಟು ಇದೆ. ನನ್ನ ಪಾಲಿಗೆ ಆ ದ್ವೀಪದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಗೇಟು.

ನಾನು ಹೋದ ದಿನ ಅದಕ್ಕೆ ಬೀಗ ಬಿದ್ದಿತ್ತು. ಕಣ್ಣಿಗೆ ಕಾಣುವಂತೆ ಏನೂ ಆಗಿರಲಿಲ್ಲ, ಆಕಾಶ ತಿಳಿಯಾಗಿತ್ತು, ಬೆಟ್ಟ ಸುಮ್ಮನೆ ಮಲಗಿತ್ತು. ನೆಲದೊಳಗೆ ಸಣ್ಣ ಕಂಪನಗಳು ಹೆಚ್ಚಿವೆ ಎಂದು ವೀಕ್ಷಣಾಲಯದವರು ತಿಳಿಸಿದ್ದರಿಂದ ಜಿಲ್ಲಾಡಳಿತ ಹಿಂದಿನ ಸಂಜೆ ಪ್ರವೇಶ ನಿಲ್ಲಿಸಿತ್ತು. ಹನ್ನೊಂದು ಗಂಟೆ ವಿಮಾನದಲ್ಲಿ ಕುಳಿತು ಪ್ಯಾರಿಸ್ಸಿನಿಂದ ಬಂದಿದ್ದ ಜನ ಅಲ್ಲಿದ್ದರು. ಅವರು ಗೇಟಿನ ಮೇಲಿನ ಸೂಚನೆಯನ್ನು ಓದಿದರು, ಅಂಚಿನಲ್ಲಿ ನಿಂತು ಕೆಳಗಿನ ಕರಿಗಲ್ಲಿನ ಬಯಲನ್ನೂ ಫೋರ್ಮಿಕಾ ಲಿಯೊ ಎಂಬ ಪುಟ್ಟ ಕೆಂಪು ದಿಬ್ಬವನ್ನೂ ನೋಡಿದರು, ಬುತ್ತಿ ಬಿಚ್ಚಿ ತಿಂದರು, ಹೊರಟರು. ಯಾರೊಬ್ಬರೂ ಕಾವಲಿನವರ ಬಳಿ ಹೋಗಿ ‘ದೂರದಿಂದ ಬಂದಿದ್ದೇವೆ, ಐದು ನಿಮಿಷ ಬಿಡಿ’ ಎಂದು ಕೇಳಲಿಲ್ಲ. ನಾನು ಮಾತ್ರ ಕೇಳಲೆಂದು ಎರಡು ಹೆಜ್ಜೆ ಹಾಕಿ ನಿಂತುಬಿಟ್ಟೆ.

ಈ ಶಿಸ್ತು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. 1977ರಲ್ಲಿ ಲಾವಾ ಕುಳಿಯ ಆಚೆಗೆ ಹೊರಬಿದ್ದು ಪಿತೋಂ ಸಾಂತ್ ರೋಸ್ ಎಂಬ ಊರನ್ನು ಹೊಕ್ಕಿತು. ಮನೆಗಳು ಹೋದವು, ಚರ್ಚಿನ ಬಾಗಿಲವರೆಗೆ ಬಂದ ಲಾವಾ ಎರಡು ಕವಲಾಗಿ ಅದನ್ನು ಬಳಸಿಕೊಂಡು ಸಾಗಿತು. ಆ ಚರ್ಚು ಇಂದಿಗೂ ಇದೆ. ಆ ಪೆಟ್ಟು ತಿಂದಮೇಲೆಯೇ, 1979ರಲ್ಲಿ, ಬೆಟ್ಟವನ್ನು ಹಗಲಿರುಳು ಗಮನಿಸುವ ವೀಕ್ಷಣಾಲಯವನ್ನು ಅಲ್ಲಿ ಸ್ಥಾಪಿಸಿದರು. 2007ರ ಏಪ್ರಿಲ್‌ನಲ್ಲಿ ಲಾವಾ ಹೆದ್ದಾರಿಯನ್ನು ದಾಟಿ ಸಮುದ್ರಕ್ಕೆ ಬಿದ್ದಾಗ ಶಿಖರದ ಕುಳಿಯ ತಳವೇ ಮುನ್ನೂರು ಮೀಟರಿಗೂ ಹೆಚ್ಚು ಕುಸಿಯಿತು. ಕುಳಿಯೊಳಗೆ ನಡೆದಾಡುವ ಹವ್ಯಾಸಿಗಳನ್ನು ಮೊದಲೇ ತಡೆದಿದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಗೇಟು ಹಾಕಿದ ದಿನ ಏನೂ ಆಗದಿದ್ದರೆ ಗೇಟು ಹಾಕಿದ್ದು ತಪ್ಪಾಗುವುದಿಲ್ಲ ಎಂಬುದನ್ನು ಆ ಜನ ಹೀಗೆ ಕಲಿತಿದ್ದಾರೆ.

ಪೆಟ್ಟು ನಮಗೂ ಬಿದ್ದಿದೆ. 2018ರ ಆಗಸ್ಟ್ ತಿಂಗಳಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಬೆಟ್ಟಗಳೇ ಜಾರಿ ಬಂದವು. ನಮ್ಮ ಚಿಕ್ಕಪ್ಪನ ತೋಟದಲ್ಲಿ ನಲವತ್ತು ವರ್ಷದ ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ ಹಾಲುವಾಣ ಮರ, ಕಣಕ್ಕೆ ಹೋಗುವ ದಾರಿ, ಎಲ್ಲ ಸೇರಿ ಅರ್ಧ ಎಕರೆ ನೆಲ ಹೊಳೆಗೆ ಇಳಿಯಿತು. ನಾನು ಆ ವರ್ಷ ಬಂದಾಗ ನೋಡಿದ್ದು ಬರೀ ಕೆಂಪು ಮಣ್ಣಿನ ಗೋಡೆ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿದು ಅರ್ಚಕರ ಮನೆಯನ್ನು ನುಂಗಿತು. ಅಂದಿನಿಂದ ಪ್ರತಿ ಮಳೆಗಾಲದಲ್ಲಿ ಬರೆ ಕುಸಿತದ ಭಯ ಇದ್ದೇ ಇದೆ, ಜಿಲ್ಲಾಡಳಿತವೂ ಭಾರಿ ವಾಹನಗಳನ್ನು ತಡೆಯುವ, ಶಾಲೆಗಳಿಗೆ ರಜೆ ಕೊಡುವ ಆದೇಶಗಳನ್ನು ಹೊರಡಿಸುತ್ತಲೇ ಇರುತ್ತದೆ. ಆದರೆ ಆ ಆದೇಶ ಪ್ರವಾಸಿಯ ಯೋಜನೆಯೊಳಗೆ ಸೇರುವುದಿಲ್ಲ. ಕಳೆದ ವರ್ಷ ನನ್ನ ಸಹಪಾಠಿಯೊಬ್ಬ ವಾರಾಂತ್ಯದ ರಜೆಗೆಂದು ಇಲ್ಲಿಯ ಹೋಂಸ್ಟೇಯೊಂದರಲ್ಲಿ ಕೋಣೆ ಕಾಯ್ದಿರಿಸಿದ್ದ. ಹೊರಡುವ ಹಿಂದಿನ ದಿನ ರೆಡ್ ಅಲರ್ಟ್ ಘೋಷಣೆಯಾಗಿತ್ತು. ಫೋನು ಮಾಡಿ ಕೇಳಿದರೆ ‘ಇಲ್ಲಿ ಮಳೆ ಅಂದರೆ ಇಷ್ಟೇ, ಬನ್ನಿ’ ಎಂದರಂತೆ. ಅರ್ಧ ದಾರಿಯಲ್ಲಿ ಮರ ಬಿದ್ದು, ಎರಡು ಸಣ್ಣ ಮಕ್ಕಳೊಂದಿಗೆ ರಾತ್ರಿಯೆಲ್ಲ ಕಾರಿನಲ್ಲಿ ಕಳೆದು ಹಿಂದಿರುಗಿದ. ಕೊಟ್ಟ ಹಣವೂ ಬರಲಿಲ್ಲ. ಹಣ ಹೋಗುತ್ತದೆಂಬ ಚಿಂತೆಯಿಂದಲೇ ಜನ ಕೆಟ್ಟ ಹವಾಮಾನದಲ್ಲಿ ಹೊರಡುತ್ತಾರೆ ಎಂಬುದನ್ನು ಆತಿಥ್ಯದ ವ್ಯಾಪಾರ ಮಾಡುವವರು ಅರಿಯಬೇಕು.

ಹಾಗೆಂದು ತಿಳಿವಳಿಕೆ ಅವರಲ್ಲಿ ಮಾತ್ರ ಇದೆ, ನಮ್ಮಲ್ಲಿ ಇಲ್ಲ ಎಂದು ನಾನು ಒಪ್ಪುವುದಿಲ್ಲ. ಕೊಡವರು ಕಕ್ಕಡವೆಂದೂ ಅರೆಭಾಷೆಯವರು ಆಟಿಯೆಂದೂ ಕರೆಯುವ ಈ ತಿಂಗಳಲ್ಲಿ ನಮ್ಮ ಹಿರಿಯರು ಮದುವೆ ಮಾಡುತ್ತಿರಲಿಲ್ಲ, ದೂರದ ಪ್ರಯಾಣ ಇಟ್ಟುಕೊಳ್ಳುತ್ತಿರಲಿಲ್ಲ, ನಾಟಿ ಕೆಲಸ ಮುಗಿಸಿ ಮನೆಯಲ್ಲಿದ್ದು ಮದ್ದುಸೊಪ್ಪಿನ ಪಾಯಸ ಉಣ್ಣುತ್ತಿದ್ದರು. ಅದನ್ನು ಇಂದು ಬರೀ ಆಚರಣೆಯೆಂದು ಉಳಿಸಿಕೊಂಡಿದ್ದೇವೆ. ಅದರೊಳಗೆ ಒಂದು ಯೋಜನೆ ಇತ್ತು: ನೆಲ ನೆನೆದು ಭಾರವಾಗಿರುವಾಗ ಅದರ ಮೇಲೆ ಓಡಾಡಬೇಡ. ನಮ್ಮ ಅಜ್ಜಿಯ ಪಂಚಾಂಗಕ್ಕೂ ಆ ದ್ವೀಪದ ಗೇಟಿಗೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಆ ದ್ವೀಪದವರ ಕಡೆ ನಿಂತು ನಮ್ಮನ್ನು ಹಳಿಯಲು ನಾನು ಬಂದಿಲ್ಲ, ನಾವು ಬಿಟ್ಟುಕೊಟ್ಟದ್ದನ್ನು ಅವರು ಕಟ್ಟುನಿಟ್ಟಾಗಿ ಇಟ್ಟುಕೊಂಡಿದ್ದಾರೆ ಎನ್ನುವುದು ನನ್ನ ಮಾತು.

ಅಪ್ಪನ ವಿಷಯವನ್ನು ಇಲ್ಲಿ ಹೇಳಲೇಬೇಕು. ಕೊಡಗಿನ ಅನೇಕ ಬೆಳೆಗಾರರಂತೆ ಅವರೂ ಮಳೆಯನ್ನು ಅಳೆದು ಬರೆದಿಡುತ್ತಾರೆ. ಅಂಗಳದ ಬಯಲಲ್ಲಿ ನೆಟ್ಟಿರುವ ಮಳೆಮಾಪಕದ ಲಾಳಿಕೆಯನ್ನು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತೆಗೆದು, ಒಳಗಿನ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಇಂಚು ಮತ್ತು ಸೆಂಟ್‌ಗಳಲ್ಲಿ ದಿನಚರಿಗೆ ಬರೆಯುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು. ಮೂವತ್ತೆಂಟು ವರ್ಷಗಳ ಆ ದಿನಚರಿಗಳು ಮರದ ಬೀರುವಿನಲ್ಲಿವೆ. ಮಾರ್ಚ್ ಏಪ್ರಿಲ್‌ನ ಹೂಮಳೆ ಯಾವ ವರ್ಷ ತಡವಾಯಿತು, 2018ರ ಆಗಸ್ಟ್‌ನ ಆ ವಾರದಲ್ಲಿ ಪ್ರತಿದಿನ ಎಷ್ಟು ಸುರಿಯಿತು, ಎಲ್ಲ ಅಲ್ಲಿದೆ. ಅಂಥ ದಿನಚರಿಗಳು ಜಿಲ್ಲೆಯ ಎಷ್ಟೋ ಮನೆಗಳಲ್ಲಿವೆ. ಅಲ್ಲಿಯ ವೀಕ್ಷಣಾಲಯ ನೆಲದ ಸಂಗತಿಯನ್ನು ಎಲ್ಲರಿಗೂ ಬಿಚ್ಚಿ ಹೇಳುತ್ತದೆ, ಇಲ್ಲಿ ಅದು ಬೀರುವಿನಲ್ಲೇ ಉಳಿಯುತ್ತದೆ. ಕೋಣೆ ಬಾಡಿಗೆಗೆ ಕೊಡುವ ಮನೆಯವರು ಅತಿಥಿಗೆ ಉಪಾಹಾರದ ಪಟ್ಟಿಯ ಜೊತೆಗೆ ಆ ವಾರದ ಮಳೆಯ ಅಳತೆಯನ್ನೂ ದಾರಿಯ ಸ್ಥಿತಿಯನ್ನೂ ಕಳುಹಿಸಿದರೆ, ಎಚ್ಚರಿಕೆ ಹೊರಟ ದಿನ ಮುಂಗಡವನ್ನು ಹಿಂದಿರುಗಿಸಿದರೆ, ಅದಕ್ಕೆ ಸರ್ಕಾರದ ಆದೇಶವೇನೂ ಬೇಕಾಗಿಲ್ಲ.

ದ್ವೀಪದ ಮಳೆಯ ಲೆಕ್ಕವನ್ನು ನಾನು ಅಪ್ಪನಿಗೆ ಓದಿ ಹೇಳಿದೆ. 1966ರ ಜನವರಿಯಲ್ಲಿ ಚಂಡಮಾರುತವೊಂದು ಹಾದುಹೋದಾಗ ಅಲ್ಲಿಯ ಫೋಕ್ ಫೋಕ್ ಎಂಬ ಎತ್ತರದ ಜಾಗದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 1,825 ಮಿಲಿಮೀಟರ್ ಮಳೆ ಬಿದ್ದಿತು, ಅದು ಇಂದಿಗೂ ವಿಶ್ವದಾಖಲೆ. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ ‘ಎಪ್ಪತ್ತೆರಡು ಇಂಚು! ಒಂದೇ ದಿನಕ್ಕಾ?’ ಎಂದು ಕನ್ನಡಕ ತೆಗೆದರು. ನಮ್ಮ ತೋಟದಲ್ಲಿ ಕೆಲವು ವರ್ಷ ಇಡೀ ಮಳೆಗಾಲಕ್ಕೆ ಅಷ್ಟು ಬಿದ್ದಿಲ್ಲ. ‘ಹಾಗಾದರೆ ನಾವು ಯಾವ ತಿಂಗಳು ಹೋಗುತ್ತೇವೆ ಅನ್ನುವುದನ್ನು ಮೊದಲು ನೋಡಪ್ಪ, ಯಾವ ಹೋಟೆಲು ಅನ್ನುವುದು ಆಮೇಲೆ’ ಎಂದರು. ಪ್ರವಾಸದ ಯೋಜನೆ ಸರಿಯಾದ ದಾರಿಗೆ ಬಿದ್ದದ್ದು ಆ ಕ್ಷಣದಲ್ಲಿ.

ಅಲ್ಲಿ ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ. ರೆಡ್ ಅಲರ್ಟ್ ಎಂದರೆ ಯಾರೂ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆ ಕಡಿಮೆ, ಹವೆ ತಂಪು. ನಮ್ಮಲ್ಲಿ ನವೆಂಬರ್ ನಡುವಿನಿಂದ ಅರಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವವರೆಗೆ ಅಪ್ಪ ಅಣ್ಣ ಇಬ್ಬರೂ ತೋಟ ಬಿಟ್ಟು ಕದಲುವಂತಿಲ್ಲ. ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾಸಂಕ್ರಮಣದ ತೀರ್ಥೋದ್ಭವಕ್ಕೆ ಅಮ್ಮ ತಲಕಾವೇರಿಗೆ ಹೋಗದೆ ಇರುವವರಲ್ಲ. ಅದೇ ಹೊತ್ತಿಗೆ ದ್ವೀಪದಲ್ಲಿ ಅದನ್ನು ಓರೆಯಾಗಿ ದಾಟಿ ಓಡುವ ದೊಡ್ಡ ಬೆಟ್ಟದ ಓಟದ ಸ್ಪರ್ಧೆ ನಡೆಯುವುದರಿಂದ ತಂಗುದಾಣಗಳು ಸಿಗುವುದೂ ಕಷ್ಟ. ಎಲ್ಲವನ್ನೂ ಕೂಡಿಸಿ ಕಳೆದರೆ ಅಕ್ಟೋಬರ್‌ನ ಕೊನೆಯ ವಾರ ಉಳಿಯುತ್ತದೆ. ವೀಸಾದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ದ್ವೀಪ ಫ್ರಾನ್ಸಿಗೆ ಸೇರಿದರೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿ ಇಲ್ಲ, ಮುಖ್ಯಭೂಮಿಗೆ ಕೊಟ್ಟ ವೀಸಾ ಅಲ್ಲಿಗೆ ತಾನಾಗಿಯೇ ನಡೆಯುವುದಿಲ್ಲ, ಅರ್ಜಿಯಲ್ಲೇ ಸ್ಪಷ್ಟವಾಗಿ ಕೇಳಬೇಕು.

ದಿನದ ಯೋಜನೆಯೂ ನೆಲಕ್ಕೆ ತಕ್ಕಂತೆಯೇ ಆಗಬೇಕು. ಅಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಮೋಡ ಬೆಟ್ಟ ಹತ್ತಿಬಿಡುತ್ತದೆ, ಆದ್ದರಿಂದ ಜ್ವಾಲಾಮುಖಿಯ ಅಂಚಿಗೂ ಮಾಯ್ದೊ ಎಂಬ ನೋಟದ ತಾಣಕ್ಕೂ ಕತ್ತಲಿರುವಾಗಲೇ ಸ್ವೆಟರ್ ಹಾಕಿ ಹೊರಡಬೇಕು. ಮಾಯ್ದೊದಿಂದ ಕೆಳಗೆ ಕಾಣುವ ಮಾಫಾತ್ ಕಣಿವೆಗೆ ರಸ್ತೆಯೇ ಇಲ್ಲ. ಅಲ್ಲಿಯ ನೂರಾರು ಜನ ನಡೆದು ಬದುಕುತ್ತಾರೆ, ಸಾಮಾನು ಹೆಲಿಕಾಪ್ಟರಿನಲ್ಲಿ ಬರುತ್ತದೆ. ಅಪ್ಪನ ಮಂಡಿಗೆ ಆ ಇಳಿಜಾರು ಆಗದು, ಮೇಲಿನಿಂದ ನೋಡಿದರೆ ಸಾಕು. ಕಡಲಲ್ಲಿ ಶಾರ್ಕ್ ಭಯವಿರುವುದರಿಂದ ಹವಳದ ದಂಡೆಯೊಳಗಿನ ತಿಳಿನೀರಿನಲ್ಲಿ ಮಾತ್ರ ಇಳಿಯಬೇಕು.

ಅಮ್ಮನಿಗೆ ಇವೆಲ್ಲಕ್ಕಿಂತ ಹಿಡಿಸಿದ್ದು ವೆನಿಲಾದ ಸಂಗತಿ. 1841ರಲ್ಲಿ ಆ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಒಂದು ಸಣ್ಣ ಕಡ್ಡಿಯಿಂದ ಹೂವಿನ ಪೊರೆಯನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ಪರಾಗಸ್ಪರ್ಶ ಮಾಡುವ ಬಗೆಯನ್ನು ಕಂಡುಹಿಡಿದ. ಈ ಶತಮಾನದ ಆರಂಭದಲ್ಲಿ ವೆನಿಲಾ ಬೆಲೆ ಗಗನಕ್ಕೇರಿದ್ದಾಗ ನಮ್ಮ ತೋಟದಲ್ಲೂ ಬಳ್ಳಿ ಹಬ್ಬಿಸಿದ್ದೆವು. ಬೆಳಗಿನ ಹೊತ್ತು ಅಮ್ಮನೇ ತೆಂಗಿನ ಗರಿಯ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಆ ಕೆಲಸ ಮಾಡುತ್ತಿದ್ದರು. ಬೆಲೆ ಬಿದ್ದಮೇಲೆ ಬಳ್ಳಿ ಕಿತ್ತೆವು. ‘ಆ ಕೈಕೆಲಸ ಹುಟ್ಟಿದ ಊರೇನೋ ಅದು?’ ಎಂದು ಅಮ್ಮ ಬೆರಳುಗಳನ್ನು ನೋಡಿಕೊಂಡರು. ದ್ವೀಪದ ಪೂರ್ವಕ್ಕಿರುವ ವೆನಿಲಾ ತೋಟಕ್ಕೆ ಒಂದು ಇಡೀ ಬೆಳಗು ಕೊಡಬೇಕೆಂದು ಪಟ್ಟಿಗೆ ಸೇರಿಸಿದ್ದೇವೆ. ಬೂರ್ಬೋಂ ಎಂಬ ಅರಬಿಕಾ ತಳಿಗೆ ಹೆಸರು ಬಂದದ್ದೂ ಈ ದ್ವೀಪದ ಹಳೆಯ ಹೆಸರಿನಿಂದ, ಅದೂ ಯೆಮನ್ನಿನಿಂದ ಬಂದ ಗಿಡವೇ. ಅಣ್ಣನಿಗೆ ಅದನ್ನು ನೋಡುವ ಆಸೆ.

ಖಾಲಿ ದಿನಗಳ ಬಗ್ಗೆ ನಿನ್ನೆಯೂ ಮಾತಾಯಿತು. ಅಷ್ಟು ಖರ್ಚು ಮಾಡಿ ಹೋಗಿ ಎರಡು ದಿನ ಸುಮ್ಮನೆ ಕೂರುವುದೇ ಎಂದು ಅತ್ತಿಗೆ ಕೇಳಿದರು. ಬೆಟ್ಟ ಮೋಡ ಮುಚ್ಚಿಕೊಂಡರೆ ಆ ದಿನ ಖಾಲಿ ದಿನವಾಗುತ್ತದೆ, ಖಾಲಿ ದಿನ ಬೆಟ್ಟದ ದಿನವಾಗುತ್ತದೆ, ಗೇಟು ಹಾಕಿದ್ದರೆ ಅಂಚಿನಲ್ಲಿ ನಿಂತು ನೋಡಿ ಬರೋಣ ಎಂದು ಹೇಳಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತಿಲ್ಲ. ಅಪ್ಪ ಏನೂ ಹೇಳದೆ ಅಣ್ಣನ ಹಾಳೆಯನ್ನು ತೆಗೆದುಕೊಂಡು, ಮೂರನೆಯ ಮತ್ತು ಐದನೆಯ ದಿನದ ಎದುರು ಬರೆದಿದ್ದನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿ, ಗಡಿಯಾರ ನೋಡಿ, ಕೊಡೆ ಬಿಚ್ಚಿ ಮಳೆಮಾಪಕದ ಕಡೆ ಅಂಗಳಕ್ಕೆ ಇಳಿದರು.