ಅಟ್ಟದ ಮೇಲಿನ ಚಾಲಿಯೂ ಅಕ್ಕನ ಮಗನ ಬಿಟ್‌ಕಾಯಿನ್ನೂ

ಕಳೆದ ವಾರ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ನಮ್ಮ ಮನೆಯ ಅಟ್ಟದ ಮೇಲೆ ಪೇರಿಸಿಟ್ಟ ಚಾಲಿ ಅಡಿಕೆಯ ಚೀಲಗಳಿಗೆ ಒರಗಿ ಕುಳಿತು, "ಮಾವ, ಇನ್ನು ಐದಾರು ವರ್ಷದಲ್ಲಿ ಶಿರಸಿ ಪೇಟೆಯಲ್ಲೂ ಕ್ರಿಪ್ಟೋದಲ್ಲೇ ವ್ಯಾಪಾರ, ನೋಡ್ತಾ ಇರು" ಎಂದ. ಕ್ರಿಪ್ಟೋ ಎಂದರೆ ಸರ್ಕಾರವಾಗಲಿ ಬ್ಯಾಂಕಾಗಲಿ ಅಚ್ಚು ಹಾಕದ, ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ಹಣ. ಅದರಲ್ಲಿ ಮೊದಲು ಹೆಸರಾದದ್ದು ಬಿಟ್‌ಕಾಯಿನ್, ಅವನ ಬಳಿ ಅದು ಸ್ವಲ್ಪ ಇದೆ. "ಹಾಗಾದರೆ ನೀನು ಒರಗಿಕೊಂಡ ಚೀಲದಿಂದಲೇ ಎರಡು ಹಿಡಿ ಅಡಿಕೆ ತೆಗೆದುಕೊಂಡು ಹೋಗಿ, ಅದನ್ನು ಕೊಟ್ಟು ಒಂದು ಪ್ಯಾಕೆಟ್ ಹಾಲು ತಾ" ಎಂದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ.

ನಮ್ಮ ಕಡೆ ಅಡಿಕೆ ಎಂದರೆ ಆಸ್ತಿ. ದರ ಬರಲಿ ಎಂದು ಚಾಲಿಯನ್ನು ವರ್ಷಗಟ್ಟಲೆ ಇಟ್ಟುಕೊಂಡವರಿದ್ದಾರೆ, ಮಗಳ ಮದುವೆಗೆಂದು ಎತ್ತಿಟ್ಟವರಿದ್ದಾರೆ. ಆದರೂ ಅದನ್ನು ಯಾರೂ ಹಣ ಎಂದು ಕರೆಯುವುದಿಲ್ಲ. ಚೀಲ ಸೊಸೈಟಿಗೆ ಹೋಗಬೇಕು, ಟೆಂಡರ್ ಆಗಬೇಕು, ಪಟ್ಟಿ ಬರಬೇಕು, ಮೊತ್ತ ಖಾತೆಗೆ ಜಮಾ ಆಗಬೇಕು. ಆಮೇಲೆಯೇ ಅದು ಅಕ್ಕಿ, ಗೊಬ್ಬರ, ಮಕ್ಕಳ ಫೀಸು ಆಗುವುದು. ಬಿಟ್‌ಕಾಯಿನ್ ಕೂಡ ಇದೇ ಜಾತಿಯದು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಕೆಲವರು ದುಡ್ಡು ಮಾಡಿಕೊಂಡಿರಬಹುದು, ಅದರ ಬಗ್ಗೆ ನನ್ನ ತಕರಾರಿಲ್ಲ. ದಿನಬಳಕೆಯ ಹಣವಾಗಿ ಅದು ಕೆಲಸಕ್ಕೆ ಬರುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಹುಟ್ಟಿದ್ದು ಮಾತ್ರ ಅದೇ ಉದ್ದೇಶಕ್ಕೆ. ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್‌ನಲ್ಲಿ ಹೊರಬಂದ ಪ್ರಬಂಧದ ಶೀರ್ಷಿಕೆಯೇ ಅದನ್ನು ಎಲೆಕ್ಟ್ರಾನಿಕ್ ನಗದು ಎಂದು ಕರೆದಿತ್ತು. 2010ರ ಮೇ 22ರಂದು ಫ್ಲಾರಿಡಾದ ಪ್ರೋಗ್ರಾಮರ್ ಒಬ್ಬ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ. ನಗದು ಎಂದ ಮೇಲೆ ಖರ್ಚು ಮಾಡುವುದು ಸಹಜವೇ ತಾನೇ? ಆದರೆ ಆಮೇಲೆ ಅದರ ಬೆಲೆ ಗಗನಕ್ಕೇರಿದ್ದರಿಂದ ಇಂದಿಗೂ ಆ ಮನುಷ್ಯನ ಕಥೆಯನ್ನು ಕೈಗೆ ಬಂದದ್ದನ್ನು ಕಳೆದುಕೊಂಡವನ ಕಥೆಯೆಂದೇ ಹೇಳುತ್ತಾರೆ. ಪಿಜ್ಜಾ ಕೊಂಡವನನ್ನು ನೋಡಿ ಜನ ಅಯ್ಯೋ ಎನ್ನುವ ಹಣದಲ್ಲಿ ನಾಳೆ ಯಾರು ಪಿಜ್ಜಾ ಕೊಳ್ಳುತ್ತಾರೆ?

ಅಂಗಡಿಯವನ ಕಡೆಯಿಂದ ನೋಡಿದರೆ ತೊಂದರೆ ತಿರುವುಮುರುವು. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ್ದ ಒಂದು ಬಿಟ್‌ಕಾಯಿನ್ ಮರುವರ್ಷದ ನವೆಂಬರ್‌ನಲ್ಲಿ 16,000 ಡಾಲರಿನ ಆಸುಪಾಸಿಗೆ ಇಳಿದಿತ್ತು. ಅಕ್ಕಿ ಮೂಟೆಯ ಮೇಲೆ ಕಿಲೋಗೆ ಒಂದೆರಡು ರೂಪಾಯಿ ಲಾಭ ಇಟ್ಟುಕೊಳ್ಳುವ ಕಿರಾಣಿಯವನು, ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ವಾರದೊಳಗೆ ರೂಪಾಯಿಯಲ್ಲೇ ಹಣ ಮುಟ್ಟಿಸಬೇಕಾದವನು, ಆ ಏರಿಳಿತವನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ವೇಗದ ಮಾತು ಎತ್ತಿದರೆ ಅಕ್ಕನ ಮಗ ಬೇಗ ಬಿಸಿಯಾಗುತ್ತಾನೆ. ಬಿಟ್‌ಕಾಯಿನ್ನಿನ ಮೂಲ ಜಾಲದಲ್ಲಿ ಹೊಸ ಬ್ಲಾಕ್, ಅಂದರೆ ವ್ಯವಹಾರಗಳನ್ನು ಬರೆದ ಲೆಕ್ಕದ ಹೊಸ ಪುಟ, ಸೇರುವುದು ಸರಾಸರಿ 10 ನಿಮಿಷಕ್ಕೊಮ್ಮೆ. ಸೆಕೆಂಡಿಗೆ ಏಳರಷ್ಟು ವ್ಯವಹಾರ, ಅಂದರೆ ದಿನಕ್ಕೆ ಆರು ಲಕ್ಷದ ಆಸುಪಾಸು. ಯುಪಿಐ 2024ರ ಡಿಸೆಂಬರ್ ಒಂದೇ ತಿಂಗಳಲ್ಲಿ 1,600 ಕೋಟಿಗೂ ಹೆಚ್ಚು ವ್ಯವಹಾರ ಮಾಡಿದೆ. ಮೂಲ ಜಾಲದ ಮೇಲೆ ಕಟ್ಟಿದ ಲೈಟ್ನಿಂಗ್ ನೆಟ್‌ವರ್ಕ್ ಎಂಬ ಇನ್ನೊಂದು ಜಾಲ ಬಂದ ಮೇಲೆ ಸಣ್ಣ ಪಾವತಿ ಕ್ಷಣಾರ್ಧದಲ್ಲಿ ಆಗುತ್ತದೆ ಎಂದು ಅವನು ಹೇಳುವುದು ಸುಳ್ಳಲ್ಲ. ಆದರೆ ಚಹಾದಂಗಡಿಯವನ ಕೈಯಲ್ಲಿ ಈಗಾಗಲೇ ಪುಕ್ಕಟೆಯಾಗಿ, ರೂಪಾಯಿಯಲ್ಲೇ, ಅದೂ "ಸ್ವೀಕರಿಸಲಾಗಿದೆ" ಎಂದು ಕೂಗಿ ಹೇಳುವ ಪೆಟ್ಟಿಗೆಯ ಸಮೇತ ಆಗುತ್ತಿರುವ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡಿ ತೋರಿಸಿದರೆ ಅವನಿಗೇನು ಸಿಕ್ಕಿತು?

ಇನ್ನು ತೆರಿಗೆ. ಹೊಟ್ಟೆಪಾಡಿಗೆ ನಾನು ಬರೆಯುವುದು ಇತರರ ಲೆಕ್ಕಪತ್ರ ಮತ್ತು ರಿಟರ್ನ್. ಆದ್ದರಿಂದ ಈ ಭಾಗ ನನಗೆ ಚೆನ್ನಾಗಿ ಗೊತ್ತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ, ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈನಿಂದ ನಿಗದಿತ ಮಿತಿ ದಾಟಿದ ವರ್ಗಾವಣೆಗೆ ಶೇ. 1 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಬೇರೆ. ಕ್ರಿಪ್ಟೋ ಕೊಟ್ಟು ಚಹಾ ಕುಡಿದರೆ ಕಾನೂನಿನ ಕಣ್ಣಿನಲ್ಲಿ ಅದು ಆಸ್ತಿಯ ವರ್ಗಾವಣೆ. ಆ ಹದಿನೈದು ರೂಪಾಯಿಯ ತುಣುಕನ್ನು ಎಂದು ಕೊಂಡಿರಿ, ಎಷ್ಟಕ್ಕೆ ಕೊಂಡಿರಿ, ಚಹಾ ಕುಡಿದ ಹೊತ್ತಿಗೆ ಅದರ ಬೆಲೆ ಎಷ್ಟಿತ್ತು ಎಂದು ರಿಟರ್ನಿನಲ್ಲಿ ಒಂದು ಸಾಲು ತುಂಬಬೇಕು. ದಿನಕ್ಕೆ ಎರಡು ಚಹಾ ಕುಡಿಯುವವನಾದರೆ ವರ್ಷಕ್ಕೆ 730 ಸಾಲು. ಅಂಥ ಗಿರಾಕಿ ಬಂದರೆ ನನ್ನ ಫೀಸು ಅವನ ಚಹಾದ ಖರ್ಚನ್ನು ಮೀರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಾನೂನು ಹೀಗಿರುವುದರಿಂದಲೇ ಓಡುತ್ತಿಲ್ಲ ಎನ್ನುವವರು ಎಲ್ ಸಾಲ್ವಡಾರ್ ದೇಶದತ್ತ ನೋಡಬೇಕು. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬಿಟ್‌ಕಾಯಿನ್ನನ್ನು ಅಧಿಕೃತ ಹಣವೆಂದು ಸಾರಿ, ಸರ್ಕಾರಿ ಆ್ಯಪ್ ಹಾಕಿಕೊಂಡವರಿಗೆ 30 ಡಾಲರ್ ಉಚಿತವಾಗಿ ಹಂಚಿದರು. ಬಹಳ ಜನ ಆ 30 ಡಾಲರನ್ನು ಖರ್ಚು ಮಾಡಿ ಆ್ಯಪ್ ಮರೆತರು. ಅಂಗಡಿಗಳು ಅದನ್ನು ಸ್ವೀಕರಿಸಲೇಬೇಕೆಂಬ ನಿಯಮವನ್ನು 2025ರ ಜನವರಿಯಲ್ಲಿ ತೆಗೆದುಹಾಕಿದರು.

ಅಕ್ಕನ ಮಗನ ವಾದದಲ್ಲಿ ನನಗೆ ತೂಕದ್ದೆನಿಸಿದ್ದು ಒಂದೇ, ಗಲ್ಫ್‌ನಿಂದ ಬರುವ ಹಣದ್ದು. ಭಟ್ಕಳ, ಹೊನ್ನಾವರದ ಕಡೆ ದುಬೈ ದುಡಿಮೆಯಿಂದ ಎದ್ದ ಮನೆಗಳು ಎಷ್ಟಿಲ್ಲ! ಡಾಲರಿಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್ ಆದರೆ ಬೆಲೆಯ ಏರಿಳಿತವೂ ಕಡಿಮೆ, ಭಾನುವಾರವೂ ಮುಟ್ಟುತ್ತದೆ. ಕರೆನ್ಸಿ ಕುಸಿದ ವೆನೆಜುವೆಲಾದಂಥ ಕಡೆ ಜನ ಅದನ್ನು ಹಿಡಿದುಕೊಂಡದ್ದಕ್ಕೆ ಅರ್ಥವೂ ಇದೆ. ಆದರೆ ನಮ್ಮಲ್ಲಿ ಕೊನೆಗೆ ಅದು ರೂಪಾಯಿ ಆಗಲೇಬೇಕು. ಹೊನ್ನಾವರದ ಕಡೆಯ ಪರಿಚಯದವರೊಬ್ಬರು ಅಣ್ಣ ಕಳಿಸಿದ ಸ್ಟೇಬಲ್‌ಕಾಯಿನ್ನನ್ನು ಆನ್‌ಲೈನಿನಲ್ಲಿ ಯಾರೋ ಅಪರಿಚಿತನಿಗೆ ಮಾರಿದರು. ಅವನು ಹಾಕಿದ ಹಣ ಯಾರಿಗೋ ಮೋಸ ಮಾಡಿ ಬಂದದ್ದಾಗಿತ್ತು. ಬೇರೆ ರಾಜ್ಯದಲ್ಲಿ ದೂರು ದಾಖಲಾಗಿ ಇವರ ಖಾತೆಯೇ ಸ್ಥಗಿತಗೊಂಡಿತು. ಖಾತೆ ಬಿಡಿಸಿಕೊಳ್ಳಲು ಪತ್ರ ಬರೆಸಲೆಂದು ನನ್ನಲ್ಲಿಗೆ ನಾಲ್ಕು ಸಲ ಬಂದರು. ನಾಲ್ಕನೆಯ ಸಲ ಮಳೆಯಲ್ಲಿ ನೆನೆದ ಪಾಸ್‌ಬುಕ್ಕನ್ನು ಮೇಜಿನ ಮೇಲೆ ಬಿಡಿಸಿ ಒಣಗಿಸುತ್ತಾ, "ಬ್ಯಾಂಕಿನ ಕಮಿಷನ್ ಉಳಿಸಲು ಹೋಗಿದ್ದೆ" ಎಂದಷ್ಟೇ ಹೇಳಿದರು.

ಕ್ರಿಪ್ಟೋದ ಮೂಲ ಹೆಮ್ಮೆ ಏನೆಂದರೆ ಅಲ್ಲಿ ಯಾರೂ ಯಾರನ್ನೂ ನಂಬಬೇಕಾಗಿಲ್ಲ, ಲೆಕ್ಕವನ್ನು ಗಣಿತವೇ ಕಾಯುತ್ತದೆ. ಆ ಗಣಿತ ನಿಜಕ್ಕೂ ಅದ್ಭುತ. ಅರ್ಥವಾದಷ್ಟಕ್ಕೇ ನಾನು ಬೆರಗಾಗಿದ್ದೇನೆ. ಆದರೆ ನಮ್ಮ ಪೇಟೆ ನಡೆಯುವುದೇ ನಂಬಿಕೆಯ ಮೇಲೆ. ಸೊಸೈಟಿಯ ಖಾತೆಯಲ್ಲಿ ವರ್ಷವಿಡೀ ಸಾಮಾನು ತಂದು, ಕೊಯ್ಲು ಮುಗಿದ ಮೇಲೆ ಅಡಿಕೆ ಹಾಕಿ ತೀರಿಸುವವರು ನಾವು. ಬಿಟ್‌ಕಾಯಿನ್ನಿನಲ್ಲಿ ಉದ್ರಿಗೆ ಜಾಗವೇ ಇಲ್ಲ: ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಅವನು ಹೊರಟ ದಿನ ಸಂಜೆ ಬಸ್ ನಿಲ್ದಾಣದ ಹತ್ತಿರ ಇಬ್ಬರೂ ಚಹಾ ಕುಡಿದೆವು. ಧೋ ಎಂದು ಮಳೆ, ಕರೆಂಟು ಹೋಗಿತ್ತು, ನೆಟ್‌ವರ್ಕ್ ಸತ್ತಿತ್ತು. ತಾನೇ ಕೊಡುತ್ತೇನೆಂದು ಹಟ ಹಿಡಿದು ಫೋನನ್ನು ಆ ಕಡೆ ಈ ಕಡೆ ಎತ್ತಿ ಹಿಡಿದು ನಿಂತವನಿಗೆ ಅಂಗಡಿಯವನು, "ಬಸ್ಸು ತಪ್ತದೆ, ನೀವು ಹೊರಡಿ. ನಿಮ್ಮ ಮಾವನ ಲೆಕ್ಕಕ್ಕೆ ಬರ್ಕೊಳ್ತೇನೆ" ಎಂದು ಕಿವಿಯ ಮೇಲಿದ್ದ ಪೆನ್ನು ತೆಗೆದ.